ಆರಿಸಿದ ದೀಪ

ಕತೆಯ ರಾಕ್ಷಸನ ಜೀವ ಗಿಣಿಯೊಳಗಿದ್ದಂತೆ, ಚನ್ನೇಶನ ಹೈಬ್ರಿಡ್ ಕಾರಿನ ಜೀವ ಹಿಂದಿನ ಸೀಟಿನ ಕೆಳಗಿನ ಬ್ಯಾಟರಿಯಲ್ಲಿತ್ತು. ಆ ಸೀಟಿನ ಮೇಲೆಯೇ ಅವನು ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರುತ್ತಿದ್ದ. ಎಚ್ಚರಿಕೆಯ ದೀಪ ಹೊತ್ತಿದಾಗ ರಾಣೆಬೆನ್ನೂರಿನ ಮೆಕ್ಯಾನಿಕ್ ಮೈಲೇಶ ಸ್ಕ್ಯಾನರ್ ಹಚ್ಚಿದ. ಬ್ಯಾಟರಿ ಬದಲಿಸಬೇಕೆನ್ನುವ P0A80 ಎಂಬ ದೋಷದ ಕೋಡ್ ಬಂತು.

“ಬ್ಯಾಟರಿಗೆ ಗಾಳಿ ಹೋಗೂ ಕಿಂಡ್ಯಾಗ ಮೆಣಸಿನಕಾಯಿ ಧೂಳು ತುಂಬೇತಿ, ಚನ್ನೇಶಣ್ಣ. ಬ್ಯಾಟರಿ ಕಾದು ಕೆಟ್ಟೈತಿ. ಬ್ಯಾರೆ ಹಾಕಬೇಕು, ಗಾಡಿ ಬಿಟ್ಟು ಹೋಗು.”

“ನನ್ನ ಹೇಣ್ತಿ ಶ್ವೇತಾಗ ದಿನ ತುಂಬ್ಯಾವು, ಗಾಡಿ ಬೇಕೋ ತಮ್ಮಾ. ಕೋಡ್ ಕ್ಲಿಯರ್ ಮಾಡು.”

“ದೀಪ ಆರತೈತಿ, ರೋಗ ಹೋಗೂದಿಲ್ಲ.”

“ಡಾಕ್ಟರನಂಗ ಮಾತಾಡಬ್ಯಾಡ!”

ಮೈಲೇಶ ಕ್ಲಿಯರ್ ಮಾಡಿದ.

ಆ ವಾರವೇ ಶ್ವೇತಾಳಿಗೆ ನೋವು ಬಂತು. ಆಂಬುಲೆನ್ಸ್ ಯಾಕೆ, ಗಾಡಿ ಇದೆಯಲ್ಲ ಎಂದು ಚನ್ನೇಶ ಅವಳನ್ನು ಅದರಲ್ಲೇ ಕೂರಿಸಿಕೊಂಡು ಹಾವೇರಿ ಆಸ್ಪತ್ರೆಗೆ ಹೊರಟ. ಹೆದ್ದಾರಿಯ ನಡುವೆ ಅದೇ ದೀಪ ಮತ್ತೆ ಹೊತ್ತಿ ಕಾರು ನಿಂತಿತು.

“ಮೈಲೇಶಾ, ಮತ್ತೊಮ್ಮೆ ಕ್ಲಿಯರ್ ಮಾಡೂದು ಹೆಂಗೋ?” ಎಂದು ಫೋನಿನಲ್ಲಿ ಕೂಗಿದ.

ಕೊನೆಗೆ ಕರೆದ ಆಂಬುಲೆನ್ಸ್ ಬರುವ ಮೊದಲೇ ಮಗು ಹುಟ್ಟಿತು. ಉಸಿರಾಡಲಿಲ್ಲ.