ನೀರುಗುಳ್ಳೆ

ಆ ಬೀದಿಯಲ್ಲಿ ಮಾಂಸದಂಗಡಿಗಳಿಗೆ ಬರವಿರಲಿಲ್ಲ. ಆದರೂ ಜನ ದಾರಿ ಸುತ್ತಿಕೊಂಡು ಇವನ ಅಂಗಡಿಗೇ ಬರುತ್ತಿದ್ದರು. ಕುರಿಯ ಲಿವರ್‌ನಲ್ಲಿ ಒಮ್ಮೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. ಉಳಿದವರು ಗುಳ್ಳೆಯನ್ನು ಚಾಕುವಿನ ತುದಿಯಿಂದ ಕೆತ್ತಿ ಎಸೆದು, ಮಿಕ್ಕಿದ್ದನ್ನು ತೊಳೆದು ತಕ್ಕಡಿಗೆ ಹಾಕುತ್ತಾರೆ. ಗಿರಾಕಿಗೆ ಗೊತ್ತಾಗುವುದಾದರೂ ಹೇಗೆ? ಇವನು ಮಾತ್ರ ಒಂದು ಗುಳ್ಳೆ ಕಂಡರೂ ಇಡೀ ಲಿವರನ್ನೇ ಎತ್ತಿ ಬಾಗಿಲ ಕಡೆ ಎಸೆಯುತ್ತಿದ್ದ. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಹೊಸ್ತಿಲಾಚೆ ಕೂತ ನಾಯಿ ಅದನ್ನು ಗಾಳಿಯಲ್ಲೇ ಹಿಡಿಯುತ್ತಿತ್ತು.

ನಾಯಿಯ ಹೆಸರು ಸಾಹುಕಾರ. ದುಡಿಮೆ ಸೊನ್ನೆ, ಊಟಕ್ಕೆ ಮಾತ್ರ ಒಂದು ಹೊತ್ತೂ ತಪ್ಪುತ್ತಿರಲಿಲ್ಲ ಎಂದು ಅವನ ಹೆಂಡತಿಯೇ ಇಟ್ಟ ಹೆಸರು. ಚರಂಡಿಯಲ್ಲಿ ನಡುಗುತ್ತಿದ್ದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ತಂದವಳೂ ಅವಳೇ. ಮಕ್ಕಳಿಲ್ಲದ ಮನೆ, ಪ್ರೀತಿಗೆ ಎಲ್ಲಾದರೂ ಒಂದು ಜಾಗ ಬೇಕಲ್ಲ. ನಾಯಿ ಅವಳ ಹಾಸಿಗೆಯಲ್ಲೇ ಮಲಗುತ್ತಿತ್ತು, ಬೆಳಗಾದರೆ ಅವಳ ಮುಖ ನೆಕ್ಕಿ ಎಬ್ಬಿಸುತ್ತಿತ್ತು. ಅದರ ಮೈ ಸವರಿದ ಕೈಯಲ್ಲೇ ಅವಳು ತುತ್ತು ಬಾಯಿಗಿಡುತ್ತಿದ್ದಳು.

ಅವನಪ್ಪನ ಕಾಲದಲ್ಲಿ ಗುಳ್ಳೆ ಬಿದ್ದ ಲಿವರನ್ನು ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಹೂಳುತ್ತಿದ್ದರು. ಯಾಕೆಂದು ಅಪ್ಪ ಹೇಳಲಿಲ್ಲ, ಮಗ ಕೇಳಲಿಲ್ಲ. ಅಪ್ಪ ಹೋದ ಮೇಲೆ ಗುದ್ದಲಿ ಮೂಲೆ ಸೇರಿತು. ಮಣ್ಣಿಗೆ ಹಾಕುವುದನ್ನು ಒಂದು ಮೂಕಪ್ರಾಣಿಯ ಹೊಟ್ಟೆಗೆ ಹಾಕಿದರೆ ಪುಣ್ಯವಾದರೂ ಬರುತ್ತದೆ ಎಂದುಕೊಂಡ. ಸೋಮಾರಿತನಕ್ಕೆ ಪುಣ್ಯದ ಅಂಗಿ ತೊಡಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಹೆಂಡತಿಗೆ ಕೆಮ್ಮು ಹಿಡಿದು ಬಹಳ ಕಾಲವಾಗಿತ್ತು. ಧೂಳು ಎಂದರು, ಥಂಡಿ ಎಂದರು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದವಳು ಕೆಮ್ಮಿ ಕೆಮ್ಮಿ ಕುಸಿದು ಕೂತಳು. ಬಾಯಿ ತುಂಬ ಉಪ್ಪುಪ್ಪಾದ ನೀರು, ಅದರಲ್ಲಿ ದ್ರಾಕ್ಷಿ ಸಿಪ್ಪೆಯಂಥ ಬಿಳಿ ಚೂರುಗಳು. ಅವನು ಬಗ್ಗಿ ನೋಡಿದ. ಲಿವರ್ ಕೊಯ್ಯುವಾಗ ಗುಳ್ಳೆ ಒಡೆದು ಚಾಕುವಿಗೆ ಅಂಟಿದ ಅಂಥ ಸಿಪ್ಪೆಯನ್ನು ಅವನು ಎಷ್ಟೋ ಸಲ ಒರೆಸಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಸ್ಕ್ಯಾನ್ ತೋರಿಸಿದರು. ಲಿವರ್ ತುಂಬ ಗುಂಡು ಗುಂಡು ಕಪ್ಪು ಕಲೆಗಳು, ಶ್ವಾಸಕೋಶದಲ್ಲೂ ಅವೇ.

"ಮನೇಲಿ ನಾಯಿ ಇದೆಯಾ?"

"ಇದೆ."

"ಕುರಿ ಸಾಕಿದ್ದೀರಾ?"

"ಸಾಕಿಲ್ಲ ಸಾರ್. ಕೊಯ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಗುಳ್ಳೆಯ ನೀರಿನಲ್ಲಿರುವುದು ಹುಳದ ಮರಿಗಳು. ಗುಳ್ಳೆಯನ್ನು ತಿಂದ ನಾಯಿಯ ಕರುಳಲ್ಲಿ ಅವು ಬೆಳೆದು ಮೊಟ್ಟೆಯಿಡುತ್ತವೆ. ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಸೇರಿ ಮತ್ತೆ ಗುಳ್ಳೆಯಾಗುತ್ತದೆ. ನಾಯಿಯ ಮೈಗೆ ಅಂಟಿದ ಮೊಟ್ಟೆ ಮನುಷ್ಯರ ಬಾಯಿಗೆ ಹೋದರೂ ಅಷ್ಟೇ.

"ನಾಯಿ ಚೆನ್ನಾಗೇ ಇದೆಯಲ್ಲ ಸಾರ್, ಗುಂಡುಕಲ್ಲಿನ ಹಾಗೆ?"

"ನಾಯಿಗೆ ಅದು ಏನೂ ಮಾಡಲ್ಲ. ಒಂದು ಮಾತ್ರೆ ಕೊಡಿಸಿ, ಹುಳ ಹೋಗುತ್ತೆ."

"ಹಾಗಾದ್ರೆ ಇವಳಿಗೂ..."

"ಒಳಗೇ ಒಡೆದು ಹರಡಿಬಿಟ್ಟಿದೆ. ಆಪರೇಷನ್ ಮಾಡೋ ಹಂತ ದಾಟಿದೆ. ಔಷಧ ಕೊಡ್ತೀವಿ, ಆದ್ರೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಆ ಹುಳಕ್ಕೂ ಮನುಷ್ಯರ ಮೈ ಬೇಕಾಗಿರಲ್ಲ. ದಾರಿ ತಪ್ಪಿ ಬಂದಿರುತ್ತೆ. ಇಲ್ಲಿಂದ ಮುಂದಕ್ಕೆ ಅದಕ್ಕೂ ದಾರಿ ಇಲ್ಲ."

ಸಾಹುಕಾರ ಮಾತ್ರೆ ನುಂಗಿ ಶುದ್ಧನಾದ. ಆದರೂ ಇವನು ಅದನ್ನು ಹಿತ್ತಲಲ್ಲಿ ಕಟ್ಟಿಹಾಕಿದ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಕತ್ತಿ ಹಿಡಿದು ಅದರೆದುರು ನಿಂತ. ಕತ್ತಿಯ ಕೈ ಮೇಲೇಳುತ್ತಲೇ ನಾಯಿ ಎಂದಿನಂತೆ ನೆಟ್ಟಗೆ ಕೂತು, ಏನೋ ಬೀಳುತ್ತದೆಂದು ಬಾಯಿ ತೆರೆಯಿತು. ಅವನು ಕತ್ತಿ ಬಿಸಾಕಿ, ಬಾವಿಗಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಹೆಂಡತಿಗೆ ಮಾತ್ರ, "ಎದೇಲಿ ನೀರು ತುಂಬಿಕೊಂಡಿದೆ ಅಷ್ಟೇ ಕಣೇ," ಎಂದಿದ್ದ. ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ಮೋಸ ಮಾಡದವನು ಅವಳ ಮುಖ ನೋಡಿ ದಿನವೂ ಸುಳ್ಳು ಹೇಳುತ್ತಿದ್ದ. ಅವಳು ನಂಬಿದಳೋ, ನಂಬಿದಂತೆ ಮಾಡಿದಳೋ. ಮೈ ಕರಗಿ ಕಡ್ಡಿಯಾಯಿತು, ಹೊಟ್ಟೆಯೊಂದು ಮಾತ್ರ ಉಬ್ಬುತ್ತಾ ಹೋಯಿತು.

ಪಕ್ಕದ ಮನೆಯಾಕೆ ನೋಡಲು ಬಂದ ದಿನ ಅವನು ಒಳಗೆ ಗಂಜಿ ಆರಿಸುತ್ತಿದ್ದ. ಏದುಸಿರು ಬಿಡುತ್ತಲೇ ಹೆಂಡತಿ ಹೇಳುತ್ತಿದ್ದದ್ದು ಕೇಳಿಸಿತು.

"ನಮ್ಮ ಮನೆಯವರ ವಿಷಯದಲ್ಲಿ ಬೆರಳು ತೋರಿಸೋ ಹಾಗಿಲ್ಲ ಕಣಕ್ಕ. ಊರಿಗೆಲ್ಲ ಒಳ್ಳೇದನ್ನೇ ಕೊಟ್ರು."

ಪಕ್ಕದ ಮನೆಯಾಕೆ ಹೋದ ಮೇಲೆ ಅವನು ಮಂಚದ ಬಳಿ ನೆಲದ ಮೇಲೆ ಕುಕ್ಕರಿಸಿ, ಗುಳ್ಳೆ, ಹುಳ, ನಾಯಿ, ಅಪ್ಪನ ಗುಂಡಿ, ಯಾವುದನ್ನೂ ಬಿಡದೆ ಹೇಳಿಬಿಟ್ಟ. ಡಾಕ್ಟರು ಹೇಳಿದ್ದನ್ನೂ ಹೇಳಿದ. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದ, ಆಗಲಿಲ್ಲ.

ಅವಳು ಗೋಡೆಯ ಕಡೆ ಮಗ್ಗುಲಾದಳು.

"ಬೈಯೇ. ಬಾಯಿಗೆ ಬಂದ ಹಾಗೆ ಬೈಯಿ," ಎಂದು ಅವನು ಅಂಗಲಾಚಿದ.

"ಊರಿಗೆಲ್ಲ ಒಳ್ಳೇದನ್ನೇ ಕೊಟ್ರಿ," ಎಂದಳು. ಆಗಿನ ಮಾತೇ, ಆದರೆ ಈ ಸಲ ಅದರಲ್ಲಿ ಹೆಮ್ಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಹಿತ್ತಲ ಬಾಗಿಲನ್ನು ನಾಯಿ ಪರಪರ ಕೆರೆಯುತ್ತಿತ್ತು. ಹಗ್ಗ ಕಡಿದುಕೊಂಡಿರಬೇಕು.

"ರೀ, ಅವನನ್ನ ಒಳಗೆ ಬಿಡಿ."

"ಬೇಡ ಕಣೇ..."

"ಇನ್ನೇನು ಆಗೋದು ಬಾಕಿ ಇದೆ? ಬಿಡಿ."

ಅವನು ಎದ್ದು ಹೋಗಿ ಚಿಲಕ ತೆಗೆದ. ಸಾಹುಕಾರ ಒಳಗೆ ಬಂದವನೇ ಮೊದಲು ಅವನ ಬಲಗೈ ಮೂಸಿದ. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಬಾಲ ಆಡಿಸುತ್ತಾ ಅವಳ ಮಂಚದ ಕಡೆ ಓಡಿದ.