ಏಡನಿನಿಂದ ಮುಂಬಯಿಗೆ ಆರೂವರೆ ಗಂಟೆ

ವಿದ್ಯಾವಂತರ ಅಜ್ಞಾನಕ್ಕೆ ಒಂದು ಘನತೆಯಿದೆ. ಅದು ಕುರ್ಚಿ ಹಾಕಿಸಿಕೊಂಡು ಕುಳಿತುಕೊಳ್ಳುತ್ತದೆ. ೧೯೫೮ರ ಮಳೆಗಾಲ ಮುಗಿಯುವ ಹೊತ್ತಿಗೆ ಪುತ್ತೂರಿನ ವಕೀಲರೊಬ್ಬರ ಜಗಲಿಯಲ್ಲಿ ಅದನ್ನು ಕಣ್ಣಾರೆ ಕಂಡೆ.

ಕಲ್ಲುಗುಂಡಿಯ ವಿಧವೆ ಪೂವಮ್ಮ ಬೇಸಾಯ ಮಾಡುತ್ತಿದ್ದ ಎರಡು ಮುಡಿ ಬಿತ್ತನೆಯ ಗದ್ದೆಯನ್ನು ಧಣಿ ಜತ್ತಪ್ಪ ಗೌಡರು ಬಿಡಿಸಿಕೊಳ್ಳಲು ಹೊರಟಿದ್ದರು. ಧಣಿಗಳ ತೀರಿಹೋದ ಅಣ್ಣ ಅವಳಿಗೆ ಬರೆದುಕೊಟ್ಟ ಗೇಣಿಚೀಟಿಯೇ ಸುಳ್ಳು ಎಂಬುದು ಅವರ ವಾದ. ಚೀಟಿಯ ಸಾಕ್ಷಿಗಳಲ್ಲಿ ಬದುಕಿದ್ದವನು ಕಲಂದರ್ ಒಬ್ಬನೇ. ಅರಬಸ್ಥಾನದ ಏಡನ್ ಬಂದರಿನಲ್ಲಿ ದುಡಿಯುತ್ತಿದ್ದ ಅವನು ವಿಮಾನದಲ್ಲಿ ಊರಿಗೆ ಬಂದ ಮರುವಾರ ಸಹಿ ಹಾಕಿದ್ದ. ಮಧ್ಯಸ್ಥರಾಗಿ ಕುಳಿತವರು ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಮುಖ್ಯೋಪಾಧ್ಯಾಯರು. ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ನನ್ನದು.

ಚೀಟಿಯಲ್ಲಿ ತಪ್ಪು ಸಿಗದೆ, ಜಗಲಿಯ ಒಡೆಯರೇ ಆದ ಧಣಿಯ ವಕೀಲರು ಸಾಕ್ಷಿಯ ಪ್ರಯಾಣಕ್ಕೆ ಕೈಹಾಕಿದರು.

“ಏಡನಿನಿಂದ ಎಷ್ಟಕ್ಕೆ ಹೊರಟದ್ದು?”

“ಬೆಳಿಗ್ಗೆ ಎಂಟಕ್ಕೆ,” ಎಂದ ಕಲಂದರ್.

“ಮುಂಬಯಿಗೆ ಮುಟ್ಟಿದ್ದು?”

“ಸಂಜೆ ಐದಕ್ಕೆ. ಸಾವಿರದ ಒಂಬೈನೂರು ಮೈಲು ಉಂಟು. ಎಲ್ಲಿಯೂ ಇಳಿಯದೆ ಆರೂವರೆ ಗಂಟೆ ಹಾರಿದ್ದು.”

ವಕೀಲರು ಬೆರಳು ಮಡಚಿದರು. “ಎಂಟರಿಂದ ಐದಕ್ಕೆ ಒಂಬತ್ತು ಗಂಟೆ. ಉಳಿದ ಎರಡೂವರೆ ಗಂಟೆ ಎಂತ ಮಾಡಿದ್ದು ಮಾರಾಯ, ಮೋಡದ ಮೇಲೆ ಕೂತು ಬೀಡಿ ಎಳೆದದ್ದಾ?”

ಜಗಲಿ ನಕ್ಕಿತು. ಭೂಗೋಳವೂ ನಕ್ಕಿತು.

“ರಂಜಾನಿನಲ್ಲಿ ನಾನು ಅಲ್ಲಿ ಉಪವಾಸ ಬಿಡುವಾಗ ಇಲ್ಲಿ ನಮ್ಮ ಉಮ್ಮ ಉಂಡು ಮಲಗಿ ಆಗಿರ್ತದೆ ಸ್ವಾಮಿ,” ಎಂದ ಕಲಂದರ್. “ಸೂರ್ಯ ಮೊದಲು ಇಲ್ಲಿಗೆ ಬರುದು, ಆಮೇಲೆ ಅಲ್ಲಿಗೆ ಹೋಗುದು. ಗಡಿಯಾರ ಎರಡುಂಟು, ಹಾರಿದ್ದು ಒಂದೇ.”

“ಹಾಗಾದರೆ ಸೂರ್ಯನನ್ನೇ ಸಾಕ್ಷಿಗೆ ಕರಕೊಂಡು ಬಾ!” ಎಂದರು ವಕೀಲರು.

ಭೂಮಿ ತಿರುಗುತ್ತದೆಂದು ನೂರಾರು ಮಕ್ಕಳಿಗೆ ಬೆತ್ತ ತೋರಿಸಿ ಒಪ್ಪಿಸಿದ್ದ ಮಧ್ಯಸ್ಥರು ಕನ್ನಡಕ ಒರೆಸಿಕೊಂಡರು. “ಆಕಾಶದಲ್ಲಿ ಎರಡೂವರೆ ಗಂಟೆ ನುಂಗಿದವನು ನೆಲದ ಮೇಲೆ ಸತ್ಯ ಹೇಳುತ್ತಾನೆಂದು ನಂಬುವುದು ಹೇಗೆ? ಚೀಟಿ ನಿಲ್ಲುವುದಿಲ್ಲ.” ಅವರ ಭೂಮಿ ಪಠ್ಯಪುಸ್ತಕದಲ್ಲಿ ಮಾತ್ರ ತಿರುಗುತ್ತಿತ್ತೆಂದು ಕಾಣುತ್ತದೆ, ಧಣಿಗಳ ಗದ್ದೆಯ ಬದುವಿಗೆ ಬಂದೊಡನೆ ಕೈಕಟ್ಟಿ ನಿಂತುಬಿಡುತ್ತಿತ್ತು.

ಏಡನಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಎಂಬ ರೇಖಾಂಶದ ಲೆಕ್ಕ ನನಗೆ ಗೊತ್ತಿತ್ತು. ಆಗ ನನಗೆ ಹೊಸ ಕಾವ್ಯದ ಹುಚ್ಚು. ಕಾಲವೆಂದರೆ ಒಡೆದ ಕನ್ನಡಿ ಎಂದೆಲ್ಲ ಬರೆಯುತ್ತಿದ್ದೆ. ಕಾಲ ಕಣ್ಣೆದುರೇ ಎರಡು ಹೋಳಾಗಿ ಬಿದ್ದಿದ್ದಾಗ, ತೀರ್ಪನ್ನು ದುಂಡು ಅಕ್ಷರದಲ್ಲಿ ಬರೆದುಕೊಟ್ಟೆ.

ಅಂಗಳದಾಚೆ ಪೂವಮ್ಮ ಕಲಂದರನನ್ನು ತಡೆದು ನಿಲ್ಲಿಸಿದಳು. “ಒಂಬತ್ತು ಗಂಟೆ ಹಾರಿದ್ದು ಅಂತ ಹೇಳಿಬಿಟ್ಟಿದ್ದರೆ ಎಂತ ಆಗ್ತಿತ್ತು ಮಾರಾಯ? ಅವರಿಗೂ ಖುಷಿ, ನನಗೂ ಗದ್ದೆ.”

“ಅದೊಂದು ಸುಳ್ಳು ಹೇಳಿದರೆ ನಿಮ್ಮ ಚೀಟಿಯೂ ಸುಳ್ಳಾಗ್ತಿತ್ತು, ಪೂವಮ್ಮಕ್ಕ.”

“ನಿನ್ನ ಸತ್ಯವನ್ನು ನಾನೀಗ ಎಲ್ಲಿ ನೆಡುದು?”

ಅವಳು ನೆಟ್ಟ ಪೈರನ್ನು ಆ ವರ್ಷ ಜತ್ತಪ್ಪ ಗೌಡರ ಆಳುಗಳು ಕೊಯ್ದರು.