ಮೂವರು ಝೋಯಿಯರು

“ಪೊಲಿಕ್ಸೇನಿಯನ್ನು ಗಂಟೆ ಎಷ್ಟೆಂದು ಕೇಳಬೇಡಿ, ಯಾವ ಶತಮಾನದ್ದು ಎಂದು ತಿರುಗಿ ಕೇಳುತ್ತಾಳೆ” ಎಂದು ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಥೆಸಲೊನೀಕಿಯ ಮೇಲೂರಿನಲ್ಲಿ, ಕೋಟೆಗೋಡೆಯ ನೆರಳು ಮಧ್ಯಾಹ್ನದವರೆಗೂ ಮಲಗಿರುವ ಆ ಮೆಟ್ಟಿಲೋಣಿಯಲ್ಲಿ ಆಡಿಕೊಳ್ಳುವ ನಾಲಗೆಗಳಿಗೆ ಎಂದೂ ಬರವಿರಲಿಲ್ಲ. ಆದರೆ ಅವಳ ವಿಷಯದಲ್ಲಿ ಅವು ತುಸು ಮೆತ್ತಗೇ ಆಡುತ್ತಿದ್ದವು.

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅವಳು ಒಂಬತ್ತು ವರ್ಷ ಬಾಡಿಗೆಗಿದ್ದಳು. ತುಂಬಿದ ಬಟ್ಟಲನ್ನು ತುಳುಕದಂತೆ ಒಯ್ಯುವವರ ನಡಿಗೆ. ಬೇಸಗೆ ಬಿಟ್ಟು ಉಳಿದ ಕಾಲವೆಲ್ಲ ಮೈಮೇಲೆ ತಂದೆಯ ರೈಲ್ವೆ ಕೋಟು; ಅದರ ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಎಳ್ಳು ಮೆತ್ತಿದ ಬಳೆರೊಟ್ಟಿ. ಒಮ್ಮೆ ಗ್ರಂಥಾಲಯದಲ್ಲಿ ಬಳೆರೊಟ್ಟಿಯನ್ನೇ ಕಣ್ಣಿಗೆ ಹಿಡಿದು ಹಸ್ತಪ್ರತಿ ನೋಡಿದಳೆಂದು ಹೇಳುವವರಿದ್ದಾರೆ. ನಾನು ನಂಬುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಅವಳ ಮಾತಿನ ಊರುಗೋಲು ಒಂದೇ: “ಇರಬಹುದು.” ಹೊರಗೆ ಮಳೆಯೇ ಎಂದರೆ ಕಿಟಕಿಯಾಚೆ ಕೈ ಚಾಚಿ, ಒದ್ದೆಯಾದ ಅಂಗೈಯನ್ನು ನೋಡಿಕೊಂಡು, “ಇರಬಹುದು” ಎನ್ನುವಳು. ನಲವತ್ತು ವರ್ಷ ಮಕ್ಕಳಿಗೆ ಹಳೆಯ ಗ್ರೀಕ್ ಕಲಿಸಿದ ನಾನು, ಆಧಾರವಿಲ್ಲದೆ ಒಂದು ಮಾತನ್ನೂ ಆಡದ ಇಂಥ ನಾಲಗೆಯನ್ನು ಕಂಡಿರಲಿಲ್ಲ.

ಆ ಒಂಬತ್ತು ವರ್ಷದ ತಪಸ್ಸು ಒಂದು ಹಾಳೆಗೆ ಸಂಬಂಧಿಸಿದ್ದು. ಚಕ್ರವರ್ತಿಗಳ ಕಾಲದ ಪ್ರಾರ್ಥನಾ ಪುಸ್ತಕವೊಂದರ ಕೊನೆಯಲ್ಲಿ, ಆರುನೂರು ವರ್ಷಗಳ ಹಿಂದೆ ಯಾರೋ ಬರೆದಿಟ್ಟ ಹೆಸರುಗಳ ಪಟ್ಟಿ. ಕಾಣೆಯಾದ ಹಳ್ಳಿಯೊಂದರಲ್ಲಿ ಆಗ ಬದುಕಿದ್ದ ಜನರ ಲೆಕ್ಕ ಅದು ಎಂಬುದು ಅವಳ ವಾದ. ಡಾಕ್ಟರೇಟ್ ಪ್ರಬಂಧದ ಅರ್ಧ ಭಾರ ಆ ಕಂಬದ ಮೇಲೆಯೇ ನಿಂತಿತ್ತು. ಪಟ್ಟಿಯಲ್ಲಿ ಝೋಯಿ ಎಂಬ ಹೆಸರು ಸಾಲಾಗಿ ಮೂರು ಸಲ ಬಂದಿತ್ತು. ತೂಕಡಿಸುವ ಲಿಪಿಕಾರರು ಬರೆದದ್ದನ್ನೇ ಮತ್ತೆ ಬರೆಯುವುದುಂಟು. ಅಂಥ ಪುನರುಕ್ತಿಯನ್ನು ತಿದ್ದಿ ಪ್ರಕಟಿಸುವುದು ವಿದ್ವಾಂಸರ ಪರಂಪರೆ. ಅವಳೂ ಒಬ್ಬ ಝೋಯಿಯನ್ನು ಉಳಿಸಿಕೊಂಡು ಇಬ್ಬರನ್ನು ಕೈಬಿಟ್ಟಿದ್ದಳು. ವಿಶ್ವವಿದ್ಯಾಲಯದ ಕೊನೆಯ ಗಡುವು ಮೇ ತಿಂಗಳ ಕಡೆಯ ದಿನ. ಅದು ದಾಟಿದರೆ ಹೆಸರು ದಾಖಲೆಯಿಂದಲೇ ಹೋಗುತ್ತಿತ್ತು.

ಇನ್ನು ಎದುರುಮನೆಯ ಸುಮೇಲಾ ಅಜ್ಜಿ. ಆಕೆಯ ತಾಯಿ ಕಪ್ಪುಸಮುದ್ರದ ತೀರದಿಂದ ನಿರಾಶ್ರಿತಳಾಗಿ ಬರುವಾಗ ಒಡವೆ ಬಿಟ್ಟು, ಮನೆತನದ ಮೃತರ ಹೆಸರುಗಳ ಕಾಗದವನ್ನು ಎದೆಗವಚಿಕೊಂಡು ತಂದವಳು. ಇಲ್ಲಿ ಸತ್ತವರನ್ನೂ ಅದಕ್ಕೇ ಸೇರಿಸುತ್ತ ಹೋದವಳು. ಉಪವಾಸಕಾಲಕ್ಕೆ ಮುಂಚಿನ ಆತ್ಮಗಳ ಶನಿವಾರದಂದು ಪಾದ್ರಿಗಳು ಅದನ್ನು ಗುಡಿಯಲ್ಲಿ ಗಟ್ಟಿಯಾಗಿ ಓದಬೇಕು. ಆ ವರ್ಷ ಕಾಗದ ಮಡಿಕೆಮಡಿಕೆಯಲ್ಲೂ ಹರಿದಿತ್ತು.

“ನೀನು ಓದಿದೋಳು, ದುಂಡಗೆ ಒಂದು ಪ್ರತಿ ಮಾಡಿಕೊಡೇ ಹುಡುಗೀ. ನಾನು ಸಾಯೋದರೊಳಗೆ ಕೊಡು, ಇಲ್ಲದಿದ್ರೆ ನನ್ನ ಹೆಸರೂ ಸೇರಿಸಬೇಕಾಗುತ್ತೆ” ಎಂದಳು ಅಜ್ಜಿ. ಪೊಲಿಕ್ಸೇನಿ ಅಂದೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಳು.

ಶನಿವಾರ ಪಾದ್ರಿಗಳು ಓದುತ್ತ ಹೋದಂತೆ ಅಜ್ಜಿ ಬೆರಳು ಮಡಿಸುತ್ತಿದ್ದಳು. ಒಂದೆಡೆ ಬೆರಳು ನಿಂತಿತು. ಪೂಜೆ ಮುಗಿದು, ದಾಳಿಂಬೆ ಬೆರೆಸಿದ ಬೇಯಿಸಿದ ಗೋಧಿಯನ್ನು ಅಂಗಳದಲ್ಲಿ ಹಂಚುವಾಗ ಆಕೆ ಪೊಲಿಕ್ಸೇನಿಯ ಮೇಲೆ ಗುಡುಗಿದಳು:

“ನನ್ನ ಇಬ್ಬರು ಅಕ್ಕಂದಿರನ್ನ ಎಲ್ಲಿ ಬಿಟ್ಟು ಬಂದೆಯೇ?”

“ಯಾವ ಅಕ್ಕಂದಿರು, ಅಜ್ಜೀ?”

“ಸುಮೇಲಾ, ಸುಮೇಲಾ, ಸುಮೇಲಾ! ಮೂರು ಸಲ ಇತ್ತು. ಒಂದೇ ಬರೆದಿದ್ದೀಯ.”

“ಅದು... ಬರೆದೋರು ಕೈತಪ್ಪಿ...”

“ಕೈತಪ್ಪಿದ್ದು ನಿಂದು! ನನಗಿಂತ ಮುಂಚೆ ಮೂರು ಹೆಣ್ಣು ಹುಟ್ಟಿ, ಮೂರೂ ತೊಟ್ಟಿಲಲ್ಲೇ ಹೋದ್ವು. ಅಜ್ಜಿ ಹೆಸರು ಮನೇಲಿ ಉಳೀಬೇಕಲ್ಲ, ಹುಟ್ಟಿದೋಳಿಗೆಲ್ಲ ಅದೇ ಹೆಸರಿಟ್ರು. ನಾನು ನಾಲ್ಕನೆಯೋಳು, ಮೊಂಡಿ, ಉಳಕೊಂಡೆ. ವರ್ಷಕ್ಕೆ ಒಂದೆರಡು ಸಲ ಹೆಸರು ಹಿಡಿದು ಕರೆಯೋದು ಬಿಟ್ರೆ ಆ ಕೂಸುಗಳಿಗೆ ಇನ್ನೇನಿದೆ?”

ಪೊಲಿಕ್ಸೇನಿಯ ಕೈಯ ಚಮಚ ಬಾಯಿಯ ಹತ್ತಿರವೇ ನಿಂತಿತು. ಪಾದ್ರಿಗಳ ಬಳಿಗೆ ಹೋಗಿ ಆ ಕಾಗದವನ್ನು ಕೇಳಿ ನನ್ನ ಬಳಿಗೆ ತಂದಳು. ಬೆಳಗ್ಗೆ ಶುಭ್ರವಾಗಿದ್ದ ಹಾಳೆಯ ಅಂಚಿನಲ್ಲಿ ಆಗಲೇ ಮೂರು ಹನಿ ಮೇಣ ಬಿದ್ದಿತ್ತು.

“ಮೇಷ್ಟ್ರೇ, ನನ್ನ ಹಾಳೆ ತುಂಬ ಇಂಥದೇ ಕಲೆ. ಅದು ಬದುಕಿದ್ದೋರ ಲೆಕ್ಕ ಅಲ್ಲ, ಗುಡೀಲಿ ಮೇಣದಬತ್ತಿ ಬೆಳಕಲ್ಲಿ ಓದಿದ ಸತ್ತೋರ ಪಟ್ಟಿ. ಝೋಯಿ ಅಂತ ಮೂವರಿದ್ರು. ನಾನು ಇಬ್ಬರು ಮಕ್ಕಳನ್ನ ಅಳಿಸಿಬಿಟ್ಟಿದ್ದೀನಿ.”

ಗಡುವಿಗೆ ಹನ್ನೆರಡು ವಾರವಿತ್ತು. ಮಾರ್ಗದರ್ಶಕರು ಕೆಟ್ಟವರಲ್ಲ, “ಅಡಿಟಿಪ್ಪಣಿಯಲ್ಲಿ ಎರಡು ಸಾಲು ಹಾಕಿ ಮುಗಿಸಮ್ಮ, ಇನ್ನೊಂದು ಗಡುವು ಯಾರೂ ಕೊಡೋದಿಲ್ಲ” ಎಂದರು. ಅವಳು ಬಂದು ಅರ್ಧ ಪ್ರಬಂಧವನ್ನು ನನ್ನ ಅಡುಗೆಮನೆಯ ಒಲೆಯ ಪಕ್ಕದ ಸೌದೆಬುಟ್ಟಿಗೆ ಹಾಕಿದಳು. ಸುಡಲು ನನಗೆ ಮನಸ್ಸಾಗಲಿಲ್ಲ. ಅವಳಿಗೆ ಹಿಂತಿರುಗಿ ನೋಡಲು ಪುರುಸೊತ್ತಾಗಲಿಲ್ಲ. ಅಂದಿನಿಂದ ಅಜ್ಜಿ ದಿನವೂ ಬೇಳೆಯ ಸಾರಿನ ಪಾತ್ರೆ ಹಿಡಿದು ಮಹಡಿ ಹತ್ತುವಳು, “ಇವತ್ತು ಯಾರನ್ನಾದ್ರೂ ಅಳಿಸಿದೆಯಾ?” ಎಂದು ಬಾಗಿಲಲ್ಲೇ ತನಿಖೆ ಮಾಡುವಳು. ಕಡೆಯ ದಿನ ಮಧ್ಯಾಹ್ನ, ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ, ಕೋಟಿನ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡೇ ಅವಳು ಪ್ರಬಂಧ ಒಪ್ಪಿಸಿ ಬಂದಳು.

ಜೂನಿನಲ್ಲಿ ಬರುವ ಮತ್ತೊಂದು ಆತ್ಮಗಳ ಶನಿವಾರದಂದು ಪಾದ್ರಿಗಳು ಪೊಲಿಕ್ಸೇನಿ ತಿದ್ದಿ ಬರೆದ ಹೊಸ ಪ್ರತಿಯನ್ನು ಓದಿದರು. ಮೂವರು ಸುಮೇಲಾರ ನಂತರ ತಡೆದು, ತಲೆಯೆತ್ತಿದರು: “ಝೋಯಿ, ಝೋಯಿ, ಝೋಯಿ... ಇವರು ಯಾರ ಕಡೆಯೋರು?”

“ನಮ್ಮ ಕಡೆಯೋರೇ. ನೀವು ಓದಿ ಪಾದ್ರಿಗಳೇ” ಎಂದಳು ಅಜ್ಜಿ.

ಶರತ್ಕಾಲದಲ್ಲಿ ಮೌಖಿಕ ಪರೀಕ್ಷೆ. ಏಳು ಜನ ಪಂಡಿತರ ಮುಂದೆ ಅವಳು ತನ್ನ ತಪ್ಪನ್ನೇ ಮೊದಲು ಹೇಳಿದಳು. ಅವರಲ್ಲಿ ಹಿರಿಯರು ಕನ್ನಡಕ ತೆಗೆದು, “ಇದು ಮೃತರ ಪಟ್ಟಿಯೇ ಎಂದು ಖಚಿತವೇನು?” ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ನಾನೂ ಅಜ್ಜಿಯೂ ಕೂತಿದ್ದೆವು. ಆ ಹಾಳಾದ ಪದ ಈಗ ಬಂದೇ ಬರುತ್ತದೆಂದು ನಾನು ಕಣ್ಣು ಮುಚ್ಚಿದೆ.

“ಹೌದು” ಎಂದಳು ಪೊಲಿಕ್ಸೇನಿ.

ಡಾಕ್ಟರೇಟ್ ಬಂತು. ದ್ವೀಪವೊಂದರ ಮಠದಲ್ಲಿ, ಇದುವರೆಗೆ ಯಾರೂ ಬಿಚ್ಚಿ ನೋಡದ ಹಸ್ತಪ್ರತಿಗಳನ್ನು ಓದುವ ಕೆಲಸವೂ ಬಂತು. ಹಳೆಯ ಹಾಳೆಗಳೊಡನೆ ಬಾಳುವವರನ್ನು ಲೋಕ ಸತ್ತವರ ನಂಟರೆಂದು ನಗುತ್ತದೆ. ನಗಲಿ. ಒಂದು ಹೆಸರು ಹೆಚ್ಚಾಯಿತೆಂದು ಕಂಡಲ್ಲಿ ಒಂದು ಕೂಸು ಇದ್ದೀತೆಂದು ತಡೆದು ನಿಲ್ಲುವವರು, ತಡೆಯದೆ ನಡೆದುಬಿಟ್ಟಾಗ ಅಷ್ಟು ದೂರವನ್ನೂ ಹಿಂದಿರುಗಿ ಬರುವವರು, ಬದುಕಿರುವವರನ್ನೂ ಸುಲಭವಾಗಿ ಕೈಬಿಡುವ ಜಾತಿಯಲ್ಲ. ಇಂಥವರು ಓಣಿಗೊಬ್ಬರಿದ್ದರೂ ಆ ಓಣಿ ಯಾರನ್ನೂ ಪೂರ್ತಿ ಕಳೆದುಕೊಳ್ಳುವುದಿಲ್ಲ.

ಹೊರಟ ಬೆಳಗ್ಗೆ ಒಂದು ಪೆಟ್ಟಿಗೆ, ಅದೇ ಕೋಟು. ಅಜ್ಜಿ ಮೆಟ್ಟಿಲ ಮೇಲೆ ದಾರಿಗಡ್ಡವಾಗಿ ಕೂತಿದ್ದಳು.

“ಆತ್ಮಗಳ ಶನಿವಾರಕ್ಕೆ ಬರ್ತೀಯೇನೇ? ‘ಇರಬಹುದು’ ಅಂದ್ಯೋ, ಪೊರಕೆ ಇಲ್ಲೇ ಇದೆ.”

“ಬರ್ತೀನಿ, ಅಜ್ಜೀ.”

ಅಜ್ಜಿ ಸರಿದು ದಾರಿ ಬಿಟ್ಟಳು. ಪೊಲಿಕ್ಸೇನಿ ಕೋಣೆಯ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, ತುಂಬಿದ ಬಟ್ಟಲು ತುಳುಕದಂತೆ, ಕಡಲಿನ ಕಡೆಗೆ ಮೆಟ್ಟಿಲಿಳಿದು ಹೋದಳು.